ಎಡಬಲ ತಪ್ಪಿದ ಟಗರು

ಗುಮಾಸ್ತನಿಗೆ ಊರಿನ ಕ್ಲಬ್ಬಿನ ಸದಸ್ಯನಾಗಬೇಕೆಂಬ ಹುಚ್ಚು. ಅಲ್ಲಿಯವರು ಅವನ ಅರ್ಜಿಯನ್ನು ಮೂಸಿಯೂ ನೋಡಿರಲಿಲ್ಲ. ಕ್ಲಬ್ಬಿನ ಗೋಡೆಗಳ ತುಂಬ ಸದಸ್ಯರ ಅಜ್ಜಂದಿರು ಬೇಟೆಯಾಡಿದ ಮೃಗಗಳ ತಲೆಬುರುಡೆಗಳು. ಇವನ ಅಜ್ಜ ಜೀವಮಾನದಲ್ಲಿ ಸೊಳ್ಳೆ ಬಿಟ್ಟು ಬೇರೇನನ್ನೂ ಹೊಡೆದವನಲ್ಲ. ಆದರೇನು, ಮಾಂಸದಂಗಡಿಯಲ್ಲಿ ಟಗರಿನ ತಲೆ ಸಿಗುತ್ತದಲ್ಲ! ಅಜ್ಜ ಗುಡ್ಡದಲ್ಲಿ ಹೊಡೆದ ಕಾಡುಟಗರೆಂದು ಕಾಣಿಕೆ ಕೊಟ್ಟರೆ ಬಾಗಿಲು ತೆರೆದೀತೆಂದು ಲೆಕ್ಕ ಹಾಕಿದ.

ಹಿತ್ತಲಲ್ಲಿ ಹಂಡೆಯಿಟ್ಟು ತಲೆಯನ್ನು ಕೊತಕೊತ ಕುದಿಸಿದ. ನಾತಕ್ಕೆ ಪಕ್ಕದ ಮನೆಯ ಕಿಟಕಿಗಳು ಪಟಪಟ ಮುಚ್ಚಿಕೊಂಡವು. ಹೆಂಡತಿ ಮೂಗು ಹಿಡಿದುಕೊಂಡು ಬಂದಳು.

"ತಂತಿ ಹಾಕಿ ಅದೇನ್ರೀ ಕೆದಕ್ತಾ ಇದ್ದೀರಾ?"

"ಮೆದುಳು ಕಣೆ. ಪೂರ್ತಿ ತೆಗೀಬೇಕು."

"ಪರವಾಗಿಲ್ಲ, ಟಗರಿಗಾದ್ರೂ ಇತ್ತಲ್ಲ."

ಬೆಂದ ಕೊಂಬುಗಳು ಒಳಗಿನ ಎಲುಬಿನಿಂದ ಟೊಪ್ಪಿಗೆಯಂತೆ ಕಳಚಿ ಬಂದವು. ಯಾವುದು ಎಡ, ಯಾವುದು ಬಲ ಎಂದು ಗುರುತು ಮಾಡಿಕೊಳ್ಳುವ ವ್ಯವಧಾನ ಅವನಿಗೆಲ್ಲಿ? ಒಣಗಿದ ಮೇಲೆ ಬಲದ ಕೊಂಬನ್ನು ಎಡಕ್ಕೆ ತುರುಕಿದ. ಹೊಂದಲಿಲ್ಲ. ಬುದ್ಧಿಯಿದ್ದವನು ಅದಲುಬದಲು ಮಾಡಿ ನೋಡುತ್ತಿದ್ದ. ಇವನು ಅರ ತಂದು ಎಲುಬನ್ನೇ ಉಜ್ಜಿ ಸವೆಸಿ, ಅಂಟು ಸುರಿದು ಕೂರಿಸಿದ. ಹೊರಕ್ಕೆ ಸುರುಳಿ ಸುತ್ತಬೇಕಾದ ಕೊಂಬುಗಳು ಒಳಕ್ಕೆ ತಿರುಗಿ ಕಣ್ಣಿನ ಗುಳಿಗಳಿಗೇ ಗುರಿಯಿಟ್ಟವು.

"ತನ್ನ ಕಣ್ಣು ತಾನೇ ತಿವ್ಕೊಳ್ಳೋ ಪ್ರಾಣಿ ಎಲ್ಲಾದ್ರೂ ಇದೆಯೇನ್ರೀ?"

"ಅಪರೂಪದ ತಳಿ. ನಿನಗೇನು ಗೊತ್ತು, ಸುಮ್ನಿರು."

ಮಿರುಗುವ ಹಲಗೆಗೆ ಬಿಗಿದ ಬುರುಡೆಯನ್ನು ಹೊತ್ತು, ಹೆಂಡತಿಯನ್ನೂ ಕರೆದುಕೊಂಡು ಕ್ಲಬ್ಬಿಗೆ ಹೋದ. ಅಧ್ಯಕ್ಷರು ನೋಡಿದರು, ತುಟಿ ಕಚ್ಚಿಕೊಂಡು ಇಸ್ಪೀಟಾಡುತ್ತಿದ್ದವರನ್ನೆಲ್ಲ ಕೂಗಿ ಕರೆದರು.

"ಇದನ್ನ ನಿಮ್ಮ ಅಜ್ಜಾವ್ರು ಹೊಡೆದದ್ದೋ, ಇಲ್ಲ ಇದೇ ತಿವ್ಕೊಂಡು ಸತ್ತದ್ದೋ?"

"ಒಂದೇ ಗುಂಡು, ಸಾರ್!" ಎಂದ ಗುಮಾಸ್ತ, ಎದೆಯುಬ್ಬಿಸಿ.

ಕ್ಲಬ್ಬಿನ ತುಂಬ ನಗು ಸಿಡಿಯಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಇವನೇ. ಅಧ್ಯಕ್ಷರು ಕಣ್ಣೊರೆಸಿಕೊಳ್ಳುತ್ತ ಅಲ್ಲೇ ಅವನ ಸದಸ್ಯತ್ವಕ್ಕೆ ಸಹಿ ಹಾಕಿದರು. "ನಿಮ್ಮಂಥವರಿಲ್ಲದೆ ಬೇಜಾರಾಗಿತ್ತು ಕಣ್ರೀ. ದಿನಾ ಸಂಜೆ ಬಂದು ಈ ಬೇಟೆ ಕಥೆ ಹೇಳ್ಬೇಕು, ತಿಳೀತಾ?"

ದಾರಿಯುದ್ದಕ್ಕೂ ಅವನ ಕಾಲು ನೆಲದ ಮೇಲಿರಲಿಲ್ಲ. "ನೋಡಿದ್ಯಾ, ಹ್ಯಾಗೆ ಮರ್ಯಾದೆ ಕೊಟ್ರು!"

ಆ ನಗು ಎಂಥದೆಂದು ಹೇಳಲು ಅವಳು ಬಾಯಿ ತೆರೆದಳು. ಮರುಕ್ಷಣವೇ ಮನಸ್ಸು ಬದಲಿಸಿದಳು.

"ದಿನಾ ಹೋಗ್ತೀರಾ?"

"ತಪ್ಪದೆ."

ಮರುದಿನದಿಂದ ಅವನ ಅಂಗಿಗೆ ತಾನೇ ಇಸ್ತ್ರಿ ಹಾಕಿ, ಹೊತ್ತಿಗೆ ಮುಂಚೆಯೇ ಅವನನ್ನು ಹೊರಡಿಸಿ, ಬಾಗಿಲ ಚಿಲಕ ಹಾಕಿಕೊಂಡು ಅವಳು ಕಾಲು ಚಾಚಿ ಕೂರತೊಡಗಿದಳು.