ಏಳರ ಮೇಲಿನ ಗೆರೆ

ಕಾಪುವಿನ ಆ ಅಮ್ಮ ರಿವಾಲ್ವರನ್ನು ನಮ್ಮ ಅಂಗಡಿಗೆ ತಂದದ್ದು ತರಕಾರಿಯ ಬಟ್ಟೆ ಚೀಲದಲ್ಲಿ. ಅವರ ಗಂಡನಿಗೆ ಮಲ್ಪೆಯಲ್ಲಿ ಬೋಟುಗಳಿದ್ದವು. ಗಂಡ ತೀರಿಕೊಂಡ ಮೇಲೆ ಲೈಸೆನ್ಸು ಇಲ್ಲದ ಆಯುಧ ಮನೆಯಲ್ಲಿ ಇರಬಾರದೆಂದು ಯಾರೋ ಹೇಳಿದ್ದರಂತೆ. ಉಡುಪಿಯಲ್ಲಿ ಕೋವಿ ರಿಪೇರಿಗೂ ಮಾರಾಟಕ್ಕೂ ಪರವಾನಗಿ ಇರುವ ಅಂಗಡಿ ನಮ್ಮ ಧಣಿಯದ್ದು. ನಾನು ಅಲ್ಲಿ ಕೆಲಸಕ್ಕಿದ್ದೇನೆ.

"ಇದನ್ನು ಯಾರಿಗಾದರೂ ಕೊಟ್ಟುಬಿಡಿ ಅಣ್ಣ. ಕಪಾಟಿನಲ್ಲಿ ಇದು ಉಂಟು ಅಂತ ನೆನಪಾದ್ರೆ ನನಗೆ ನಿದ್ರೆ ಬರುವುದಿಲ್ಲ," ಎಂದರು.

ಕೆಲವು ತಿಂಗಳ ನಂತರ ಕಾರ್ಕಳದಿಂದ ಒಬ್ಬ ಗಿರಾಕಿ ಬಂದರು. ಕಲ್ಲುಕೋರೆಯವರು. ಲೈಸೆನ್ಸು, ಕಾಗದಪತ್ರ ಎಲ್ಲ ಸರಿ ಇತ್ತು. ನಾನು ರಿವಾಲ್ವರ್ ತೆಗೆದು, ಮೊದಲು ಗುಂಡು ತುಂಬುವ ಉರುಳೆಯನ್ನು ಹೊರಗೆ ಬಿಡಿಸಿ ಕಿಟಕಿಯ ಕಡೆ ಹಿಡಿದೆ. ಒಳಗೆ ಗುಂಡು ಇಲ್ಲವೆಂದು ತಿಳಿಯಲು ಆರು ತೂತುಗಳಲ್ಲೂ ಬೆಳಕು ಕಾಣಬೇಕು. ಅದು ಕಾಣದೆ ನಮ್ಮಲ್ಲಿ ಬೇರೆ ಮಾತಿಲ್ಲ.

ಒಳಗೆಲ್ಲ ಚೆನ್ನಾಗಿತ್ತು. ಹೊರಗೆ ಮಾತ್ರ ನೋಡುವ ಹಾಗಿರಲಿಲ್ಲ. ಆ ಅಮ್ಮನ ಗಂಡ ಅದನ್ನು ವರ್ಷಗಟ್ಟಲೆ ಚರ್ಮದ ಚೀಲದಲ್ಲೇ ಇಟ್ಟಿದ್ದರಂತೆ. ಸಮುದ್ರದ ಬದಿಯ ಮನೆ; ಚರ್ಮ ಉಪ್ಪುಗಾಳಿಯನ್ನು ಕುಡಿದು ಕಬ್ಬಿಣಕ್ಕೆ ಕೊಡುತ್ತದೆ. ನಳಿಗೆಯ ತುದಿಯಲ್ಲಿ ಕಪ್ಪು ಬಣ್ಣ ಸವೆದು ಬಿಳಿ ಕಾಣುತ್ತಿತ್ತು. ಉರುಳೆಯ ಸುತ್ತ ಒಂದು ಗೀರು ಬಳೆಯ ಹಾಗೆ ಸುತ್ತಿತ್ತು. ಹಿಡಿಯ ಮರದ ಒಂದು ಮೂಲೆ ಚಕ್ಕೆ ಎದ್ದಿತ್ತು. ಎಡಬದಿಯಲ್ಲಿ, ನಂಬರು ಕೊರೆದ ಜಾಗದ ಮೇಲೆಯೇ, ಹೆಬ್ಬೆಟ್ಟಿನ ಗಾತ್ರದ ಕೆಂಪು ತುಕ್ಕು. ಬೇರೆಲ್ಲೂ ಇಲ್ಲದ ತುಕ್ಕು ಅಲ್ಲಿ ಮಾತ್ರ ಯಾಕೆ ಎಂದು ನನಗೆ ಆಗ ತಿಳಿಯಲಿಲ್ಲ.

"ಎಂತ ಮಾರಾಯ್ರೆ ಇದು, ಸುಟ್ಟ ಬಂಗುಡೆ ಮೀನಿನ ಹಾಗೆ ಉಂಟಲ್ಲ!" ಎಂದರು ಗಿರಾಕಿ.

"ಒಳಗೆ ಹೊಸತರ ಹಾಗೆಯೇ ಉಂಟು," ಎಂದೆ.

"ನಾಲ್ಕು ಜನ ನೋಡುವುದು ಹೊರಗೆ ಅಲ್ವಾ?"

ಧಣಿ ಕನ್ನಡಕದ ಮೇಲಿನಿಂದ ನೋಡಿದರು. "ನಾಲ್ಕು ಜನಕ್ಕೆ ತೋರಿಸ್ಲಿಕ್ಕೆ ಇದೆಂತ ಉಂಗುರವಾ?"

ಆದರೂ ಚಂದ ಮಾಡಿಕೊಡುವುದೆಂದು ಮಾತಾಯಿತು. ಸೋಮವಾರ ಮಣಿಪಾಲದ ಡಿಸಿ ಕಚೇರಿಯಲ್ಲಿ ನಂಬರು ತಾಳೆ ನೋಡಿ, ಹೆಸರು ಬದಲಾವಣೆಯ ಕೆಲಸ ಶುರುವಾಗಬೇಕಿತ್ತು.

ನಾನು ಮೊದಲು ಪಾಲಿಶ್‌ನವನು. ಶಾಲೆಗೆ ಸೇರಿದ ವರ್ಷವೇ ಬಿಟ್ಟು, ಮಣಿಪಾಲದ ಗ್ಯಾರೇಜೊಂದರಲ್ಲಿ ಬೈಕಿನ ಟ್ಯಾಂಕು ಉಜ್ಜುತ್ತಾ ದೊಡ್ಡವನಾದವನು. ಟ್ಯಾಂಕಿನಲ್ಲಿ ಮುಖ ಕಾಣುವವರೆಗೆ ಕೈ ನಿಲ್ಲಿಸಬಾರದೆಂದು ಅಲ್ಲಿ ಕಲಿಸಿದ್ದರು. ಕೋವಿಯ ಕೆಲಸ ಹಾಗಲ್ಲ. ಎಣ್ಣೆ ಹಾಕಿ ನೆನೆಯಲು ಬಿಡಬೇಕು, ಮೆದುವಾಗಿ ಒರೆಸಬೇಕು, ಇನ್ನೂ ಸ್ವಲ್ಪ ಉಳಿದಿದೆ ಅನ್ನುವಾಗಲೇ ಕೈ ತೆಗೆಯಬೇಕು. ಇದು ನನಗೆ ಗೊತ್ತಿತ್ತು. ಎಷ್ಟೋ ಜನಕ್ಕೆ ಹೇಳಿದ್ದೇನೆ ಕೂಡ.

ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಹಿಡಿಯ ಮರ ಸರಿಯಾಗಿತ್ತು, ನಳಿಗೆಗೆ ಬಣ್ಣ ಹಿಡಿದಿತ್ತು. ಧಣಿ ನಮಾಜಿಗೆ ಹೋಗಿದ್ದರು. ಉಳಿದದ್ದು ಆ ತುಕ್ಕು ಒಂದೇ. ಎಣ್ಣೆಯಲ್ಲಿ ನೆನೆಯಲು ಬಿಡಲಿಲ್ಲ. ಉಕ್ಕಿನ ನಾರು ತೆಗೆದುಕೊಂಡೆ. ಕೆಂಪು ಹೋಯಿತು, ಕಂದು ಹೋಯಿತು, ಕೆಳಗಿಂದ ಹೊಳಪು ಬಂತು. ಹೊಳಪು ಕಂಡ ಕೂಡಲೇ ನನ್ನ ಕೈ ಹಳೆಯ ಗ್ಯಾರೇಜಿಗೆ ಹೋಗಿಬಿಟ್ಟಿತು. ಒರೆಸಿ ನೋಡಿದಾಗ ತುಕ್ಕು ಇರಲಿಲ್ಲ. ನಂಬರಿನ ಕೊನೆಯ ಅಂಕೆಯೂ ಪೂರ್ತಿ ಇರಲಿಲ್ಲ. ಅಮ್ಮನ ಗಂಡನ ಲೈಸೆನ್ಸಿನಲ್ಲಿ 7; ಮೇಲಿನ ಗೆರೆ ಸವೆದು ಕಬ್ಬಿಣದ ಮೇಲೆ ಈಗ 1.

ಅಂಕೆಗಳನ್ನು ನನಗೆ ಕಲಿಸಿದ್ದೇ ಧಣಿ, ಇದೇ ಮೇಜಿನ ಮುಂದೆ ಕೂರಿಸಿಕೊಂಡು, ಬಂದ ಕೋವಿಗಳ ನಂಬರು ಓದಿಸಿ. ಆಮೇಲೆ ಅಕ್ಷರ. ಮೂವತ್ತೆಂಟನೇ ವಯಸ್ಸಿಗೆ ನಾನು ಎಸ್ಸೆಸ್ಸೆಲ್ಸಿ ಪಾಸಾದಾಗ ಅಂಗಡಿಗೆ ಬಂದವರಿಗೆಲ್ಲ ಹೇಳಿದವರು ಅವರು. ಈಗ ಅವರ ಅಂಗಡಿಯ ಮೇಜಿನ ಮೇಲೆ ನಂಬರು ಅಳಿಸಿದ ರಿವಾಲ್ವರ್. ನಂಬರು ಅಳಿಸುವುದು ಅಪರಾಧ. ನಲ್ವತ್ತು ವರ್ಷದ ಪರವಾನಗಿ ಹೋಗಲು ಇಷ್ಟು ಸಾಕು.

ಆ ಜಾಗಕ್ಕೆ ಬಣ್ಣ ಹಿಡಿಸಿ, ರಿವಾಲ್ವರನ್ನು ಬಟ್ಟೆ ಚೀಲಕ್ಕೆ ಹಾಕಿ, ತಿಜೋರಿಯಲ್ಲಿಟ್ಟೆ. ಧಣಿ ಬಂದು, "ಮುಗೀತಾ?" ಎಂದರು. "ಮುಗೀತು," ಎಂದೆ.

ಶನಿವಾರ ಒಂದು ಕೆಲಸವೂ ಕೈಗೆ ಹತ್ತಲಿಲ್ಲ. ಸ್ಕ್ರೂ ಬಿದ್ದು ಹುಡುಕಿದೆ, ಸಿಕ್ಕಿತು, ಮತ್ತೆ ಬಿತ್ತು. ಮೇಜಿನ ಕೆಳಗಿನ ಡ್ರಾವರಿನಲ್ಲಿ ಅಂಕೆಯ ಅಚ್ಚುಗಳಿವೆ, ರಿಪೇರಿಗೆ ಬಂದ ಕೋವಿಗೆ ಕಟ್ಟುವ ತಗಡಿನ ಟೋಕನ್ನಿಗೆ ನಂಬರು ಹೊಡೆಯಲು. ಧಣಿ ಚಹಾಕ್ಕೆ ಹೊರಗೆ ಹೋದಾಗ ತಿಜೋರಿಯಿಂದ ರಿವಾಲ್ವರ್ ತೆಗೆದು, ಏಳರ ಅಚ್ಚನ್ನು ಆ ಜಾಗದ ಮೇಲೆ ಇಟ್ಟು ನೋಡಿದೆ. ಗಾತ್ರ ಹೆಚ್ಚುಕಡಿಮೆ ಸರಿಯೇ ಇತ್ತು. ಸುತ್ತಿಗೆಯಿಂದ ಒಂದು ಏಟು ಸಾಕು. ಸುತ್ತಿಗೆಯನ್ನು ಎತ್ತಿದ್ದೆ ಕೂಡ. ಹೊಡೆದರೆ ಅದು ಸುಳ್ಳು ನಂಬರು; ನಾನು ಅಂಕೆ ಕಲಿತದ್ದು ಇದಕ್ಕಾ ಅನಿಸಿತು. ಮೆಟ್ಟಿಲ ಮೇಲೆ ಧಣಿಯ ಚಪ್ಪಲಿಯ ಸದ್ದು ಬಂತು. ರಿವಾಲ್ವರನ್ನು ತಿಜೋರಿಗೆ ಸೇರಿಸಿ, ಅಚ್ಚನ್ನು ಗಡಿಬಿಡಿಯಲ್ಲಿ ಕಿಸೆಗೆ ಹಾಕಿಕೊಂಡೆ.

ಅದು ಭಾನುವಾರವೂ ಕಿಸೆಯಲ್ಲೇ ಇತ್ತು. ಮನೆಯಲ್ಲಿ ಕೂರಲಾಗದೆ ಬಸ್ಸು ಹತ್ತಿ ಕಾಪುವಿಗೆ ಹೋದೆ. ವಸ್ತು ಆ ಅಮ್ಮನದ್ದು, ಅವರಿಗೆ ಮೊದಲು ಹೇಳೋಣ ಎಂದು. ಅವರು ಅಂಗಳದಲ್ಲಿ ಒಣಮೀನು ತಿರುವುತ್ತಿದ್ದರು.

"ಚಂದ ಆಯ್ತಾ ಅಣ್ಣ?"

"ಆಯ್ತು. ಒಂದು ಕಡೆ ತುಕ್ಕು ಇತ್ತು, ನಂಬರಿನ ಮೇಲೆ..."

"ಅಯ್ಯೋ, ಅದು ಇವರ ಕೆಲಸ," ಎಂದು ನಕ್ಕರು. "ಆಯುಧ ಪೂಜೆಗೆ ಎಲ್ಲರೂ ಎಲ್ಲಿ ಬೇಕಾದ್ರೂ ಗಂಧ, ಕುಂಕುಮ ಹಚ್ಚುತ್ತಾರೆ ಅಲ್ವಾ? ಇವರು ಹುಡುಕಿ ಹುಡುಕಿ ನಂಬರಿನ ಮೇಲೆಯೇ ಹಚ್ಚುತ್ತಿದ್ದರು. ಬೋಟಿಗೂ ಹಾಗೆಯೇ. ನಂಬರೇ ಅದರ ಹಣೆ ಅಂತ. ಒರೆಸ್ಲಿಕ್ಕೂ ಬಿಡ್ತಿರಲಿಲ್ಲ, ಪ್ರಸಾದ ಅಂತ."

ಒದ್ದೆ ಗಂಧ, ಅದರ ಮೇಲೆ ಚರ್ಮದ ಚೀಲ, ವರ್ಷಕ್ಕೊಂದು ಪದರ. ತುಕ್ಕು ಅಲ್ಲಿ ಮಾತ್ರ ಯಾಕೆ ಎಂದು ಈಗ ತಿಳಿಯಿತು. ಅಂಕೆ ಸವೆದದ್ದನ್ನು ಹೇಳದೆ, ಚಹಾ ಕುಡಿದು ಎದ್ದು ಬಂದೆ. ಬಸ್ಸಿನಲ್ಲಿ ಎರಡು ಸಲ ಸೀಟು ಬದಲಿಸಿದೆ.

ಸೋಮವಾರ ಬೆಳಿಗ್ಗೆ ಧಣಿ ರಿವಾಲ್ವರನ್ನು ಕೈಚೀಲಕ್ಕೆ ಹಾಕುವಾಗ, "ಅದರ ನಂಬರು ಒಮ್ಮೆ ನೋಡಿ," ಎಂದೆ.

ಭೂತಗನ್ನಡಿ ಹಿಡಿದು ನೋಡಿದರು. ತುಂಬ ಹೊತ್ತು ನೋಡಿದರು.

"ಯಾವಾಗ?"

"ಶುಕ್ರವಾರ."

"ಮತ್ತೆ ಮುಗೀತು ಅಂದದ್ದು?"

ನಾನು ಕಿಸೆಯಿಂದ ಅಚ್ಚು ತೆಗೆದು ಮೇಜಿನ ಮೇಲೆ ಇಟ್ಟೆ. ಅವರು ಅಚ್ಚನ್ನು ನೋಡಿದರು, ನನ್ನನ್ನು ನೋಡಿದರು.

"ಹೊಡೆದಿಯಾ?"

"ಇಲ್ಲ."

"ತಲೆ ಸಮ ಉಂಟಾ ನಿನಗೆ? ಇಷ್ಟು ವರ್ಷ ಎಂತ ಕಲಿತದ್ದು ನೀನು? ತಪ್ಪು ಮಾಡಿದ್ದು ಒಂದು, ಮೂರು ದಿನ ಅದನ್ನು ಹೊಟ್ಟೆಯೊಳಗೆ ಇಟ್ಟುಕೊಂಡದ್ದು ಇನ್ನೊಂದು!" ಆಮೇಲೆ ಬಿಳಿ ಹಾಳೆ ತೆಗೆದು ನನ್ನ ಮುಂದೆ ತಳ್ಳಿದರು. "ಬರಿ. ನೀನೇ ಬರಿ. ಎಸ್ಸೆಸ್ಸೆಲ್ಸಿ ಪಾಸಲ್ವಾ?"

ತುಕ್ಕು ತೆಗೆಯುವಾಗ ನಂಬರಿನ ಕೊನೆಯ ಅಂಕೆಯಾದ ಏಳರ ಮೇಲಿನ ಗೆರೆ ನನ್ನ ಕೈಯಿಂದ ಸವೆದಿದೆ ಎಂದು ಬರೆದೆ. ಪರೀಕ್ಷೆಯಲ್ಲೂ ಕೈ ಅಷ್ಟು ಬೆವರಿರಲಿಲ್ಲ. ಧಣಿ ಉರುಳೆಯನ್ನು ಬಿಚ್ಚಿ, ಅದರ ಒಳಗೂ ನಂಬರು ಕೊರೆದಿರುವುದನ್ನು ತೋರಿಸಿದರು. ಅಲ್ಲಿ ಏಳು ಸ್ಪಷ್ಟವಾಗಿತ್ತು. "ಇದು ನಮ್ಮನ್ನು ಉಳಿಸಿದ್ರೆ ಉಳಿಸೀತು," ಎಂದರು.

ಮಣಿಪಾಲದ ಕಚೇರಿಯವರು ಕಾಗದ ಓದಿ, ರಿವಾಲ್ವರನ್ನು ಪರೀಕ್ಷೆಗೆ ಇಟ್ಟುಕೊಂಡರು. ತೀರ್ಮಾನ ಬರಲು ಮಳೆಗಾಲ ಅರ್ಧ ಕಳೆಯಿತು. ಅಷ್ಟು ದಿನವೂ ಅಂಚೆಯವನು ಬಂದಾಗಲೆಲ್ಲ ನಾನು ಎದ್ದು ನಿಲ್ಲುತ್ತಿದ್ದೆ, ಧಣಿ ನನ್ನನ್ನು ನೋಡದೆ ಕಾಗದ ತೆಗೆದುಕೊಳ್ಳುತ್ತಿದ್ದರು. ಕೊನೆಗೆ ಬಂದದ್ದು ಎಚ್ಚರಿಕೆ ಮಾತ್ರ. ಒಳಗಿನ ನಂಬರು ಹೊಂದುತ್ತದೆ, ಪರವಾನಗಿಗೆ ತೊಂದರೆ ಇಲ್ಲ. ಅಂದು ಧಣಿ ಎರಡು ಚಹಾ ತರಿಸಿದರು. ಒಂದನ್ನು ನನ್ನ ಕಡೆ ಸರಿಸಿದರು.

ಕಾರ್ಕಳದ ಗಿರಾಕಿ ಅಷ್ಟರಲ್ಲಿ ಬೇರೆ ಕಡೆ ಹೊಸತನ್ನು ತೆಗೆದುಕೊಂಡಿದ್ದರು. ನಾನು ಕಾಪುವಿಗೆ ಹೋಗಿ ಅಮ್ಮನಿಗೆ ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. "ಹಣೆ ಉಜ್ಜಿಬಿಟ್ಟಿರಾ," ಎಂದರು, ಅಷ್ಟೇ. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು.

ಕಚೇರಿಯಿಂದ ವಾಪಸು ಬಂದ ರಿವಾಲ್ವರ್ ಇನ್ನೂ ಮಾರಾಟವಾಗದೆ ನಮ್ಮ ತಿಜೋರಿಯಲ್ಲೇ ಇದೆ. ಆಯುಧ ಪೂಜೆಯ ದಿನ ಆ ಅಮ್ಮ ಅಂಗಡಿಗೆ ಬಂದರು. ಅಂಗೈಯ ಕಾಗದದ ಪೊಟ್ಟಣದಲ್ಲಿ ಕುಂಕುಮ ಇತ್ತು. ಧಣಿ ನನ್ನ ಕಡೆ ನೋಡಿದರು.

"ಕಬ್ಬಿಣಕ್ಕೆ ಬೇಡ ಅಮ್ಮ," ಎಂದೆ.

ಹಿಡಿಗೆ ದಾರದಲ್ಲಿ ಒಂದು ರಟ್ಟಿನ ಚೀಟಿ ಕಟ್ಟಿದ್ದೆ, ಪೂರ್ತಿ ನಂಬರನ್ನು ನನ್ನ ಕೈಯಿಂದಲೇ ಬರೆದು. ಅವರು ಅದನ್ನು ಕಣ್ಣಿನ ಹತ್ತಿರ ಹಿಡಿದು ಓದಿ, ಕುಂಕುಮವನ್ನು ಅದಕ್ಕೆ ಹಚ್ಚಿದರು. ಅದು ಬಿದ್ದದ್ದು ಕೊನೆಯ ಅಂಕೆಯ ಮೇಲೆ.

"ಈಗ ಇದು ಏಳಾ, ಒಂದಾ?" ಎಂದರು ಧಣಿ.

ಆ ಅಮ್ಮ ಹೋದ ಮೇಲೆ ಇನ್ನೊಂದು ಚೀಟಿ ಬರೆದು, ಮೊದಲಿನದರ ಪಕ್ಕದಲ್ಲೇ ಕಟ್ಟಿದೆ. ಈಗಲೂ ತಿಜೋರಿ ತೆರೆದಾಗಲೆಲ್ಲ ಎರಡನ್ನೂ ಓದುತ್ತೇನೆ.