ಟ್ಯಾಂಕಿನೊಳಗಿನ ಪುಟ್ಟಮಾದುವಿಗೆ

ನಂಬಲಿಲ್ಲ...
ನಿಜ ಹೇಳಬೇಕೆಂದರೆ, ನಕ್ಕುಬಿಟ್ಟೆ.

ಬೆಳಿಗ್ಗೆ ಪುಟ್ಟಮಾದುವಿನ ಮೊಮ್ಮಗ ಫೋನ್ ಮಾಡಿ, "ನಮ್ ತಾತ ಹೋಗ್ಬಿಟ್ರು ಸಾರ್" ಅಂದ.
"ಈ ಆಟ ನನ್ ಹತ್ರ ನಡೆಯಲ್ಲ ಅಂತ ನಿಮ್ ತಾತಂಗೆ ಹೇಳಪ್ಪ" ಅಂದೆ.
ಆ ಕಡೆ ಹುಡುಗ ಅಳುತ್ತಿದ್ದ...

ನನ್ನದೂ ತಪ್ಪಿಲ್ಲ.
ಸುಳ್ಳು ಸಾವಿನ ಸುದ್ದಿ ಮೊದಲಿನಿಂದ ನನ್ನ ಡಿಪಾರ್ಟ್‌ಮೆಂಟು.
ಫ್ಯಾಕ್ಟರಿಗೆ ಅವನು ಎರಡು ದಿನ ರಜಾ ಹಾಕಿದರೆ, ಮೂರನೆಯ ದಿನ ನೋಟಿಸ್ ಬೋರ್ಡಿನಲ್ಲಿ ಅವನಿಗೊಂದು ಶ್ರದ್ಧಾಂಜಲಿ ಅಂಟಿಸುತ್ತಿದ್ದೆ.
ಅವನೇ ಬಂದು ನಿಂತು ಓದಿ, "ಇನ್ನೂ ಸ್ವಲ್ಪ ಚೆನ್ನಾಗ್ ಬರೀಬೋದಿತ್ತು ಮಗಾ" ಅನ್ನುತ್ತಿದ್ದ.

ಈ ವಾಟ್ಸಾಪ್ ಗ್ರೂಪಿನಲ್ಲಿರುವ ಮಕ್ಕಳಿಗೆ, ಮೊಮ್ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ.
ಅರವತ್ತರ ದಶಕ... ಜಯನಗರದಲ್ಲಿ ಸೈಟುಗಳಿಗೆ ಇನ್ನೂ ಕಲ್ಲು ನೆಡುತ್ತಿದ್ದರು. ಸಾರಕ್ಕಿ ದಾಟಿದರೆ ರಾಗಿ ಹೊಲ.
ಆ ಹೊಲಗಳ ಮಧ್ಯೆ ನಮ್ಮ ಅಲ್ಯೂಮಿನಿಯಂ ಫ್ಯಾಕ್ಟರಿ. ಆಳೆತ್ತರದ ನೀರಿನ ಟ್ಯಾಂಕುಗಳನ್ನು ಮಾಡುತ್ತಿದ್ದೆವು.

ತಗಡಿಗೆ ತಗಡು ಸೇರಿಸಿ ರಿವೆಟ್ ಮೊಳೆ ಹೊಡೆಯಬೇಕು.
ಹೊರಗಿನಿಂದ ಒಬ್ಬ ಸುತ್ತಿಗೆಯಲ್ಲಿ ಬಡಿಯಬೇಕು. ಒಳಗಿನಿಂದ ಇನ್ನೊಬ್ಬ ಕಬ್ಬಿಣದ ದಿಮ್ಮಿಯನ್ನು ಒತ್ತಿ ಹಿಡಿದಿರಬೇಕು.
ಟ್ಯಾಂಕಿನ ಬಾಯಿ ಎಷ್ಟು ಕಿರಿದೆಂದರೆ, ಹನ್ನೆರಡು ಜನರಲ್ಲಿ ಅದರೊಳಗೆ ಹೋಗುತ್ತಿದ್ದವನು ಪುಟ್ಟಮಾದು ಒಬ್ಬನೇ. ಕಡ್ಡಿಯಂಥ ಆಳು.
ಹೊರಗೆ ಬಡಿಯುತ್ತಿದ್ದವನು... ನಾನು.

ದಿನಕ್ಕೆ ಎಂಟು ಗಂಟೆ. ದೇವಸ್ಥಾನದ ಗಂಟೆಯ ಒಳಗೆ ಕೂತು ಗಂಟೆ ಬಾರಿಸಿಕೊಂಡ ಹಾಗೆ.
ಸಂಜೆ ಹೊರಗೆ ಬಂದರೆ ಅರ್ಧ ಗಂಟೆ ಯಾರ ಮಾತೂ ಅವನಿಗೆ ತಿಳಿಯುತ್ತಿರಲಿಲ್ಲ.
ಇದೇ ಪುಟ್ಟಮಾದು ಊರಿನ ನಾಟಕಗಳಿಗೆ ಹಾರ್ಮೋನಿಯಂ ನುಡಿಸುತ್ತಿದ್ದವನು. ಆ ವರ್ಷ ಭೀಮನ ಪಾತ್ರಧಾರಿ ತಾಲೀಮಿನ ಮಧ್ಯೆಯೇ ನಿಲ್ಲಿಸಿ, "ಯಾಕೋ ಮಾದು, ನಾನೊಂದ್ ಸ್ವರ ಹಾಡಿದ್ರೆ ನೀನೊಂದ್ ನುಡಿಸ್ತೀಯಲ್ಲ" ಅಂದನಂತೆ.
ಪುಟ್ಟಮಾದು ಡಾಕ್ಟರ ಹತ್ತಿರ ಹೋದ. "ಇನ್ನೊಂದು ವರ್ಷ ಅದರೊಳಗೆ ಕೂತ್ರೆ ಎರಡು ಕಿವೀನೂ ಹೋಗುತ್ತೆ" ಅಂದರು.

ಫೋರ್‌ಮನ್‌ಗೆ ಹೇಳಿದ.
"ಆ ಬಾಯಲ್ಲಿ ನೀನೊಬ್ಬನೇ ತಾನೇ ಹಿಡಿಯೋದು? ನಾನೇನ್ ಮಾಡ್ಲಿ" ಅಂದರು.
ಕೆಲಸ ಬಿಡೋಣವೆಂದರೆ... ಅವನ ಮನೆಯವರ ಹೊಲ ಆಗಲೇ ಜಯನಗರ ಲೇಔಟಿಗೆ ಹೋಗಿತ್ತು. ಅವನ ಸಂಬಳದಲ್ಲಿ ಆರು ಜನ ಉಣ್ಣುತ್ತಿದ್ದರು.

ಆಗ ನಾನು ಕ್ಯಾಂಟೀನಿನ ಬೆಂಚು ಹತ್ತಿ, ಗಂಟಲು ಸರಿಮಾಡಿಕೊಂಡು, 'ಪುಟ್ಟಮಾದು ಪುಷ್ಟಿವರ್ಧಕ ಸಮಿತಿ'ಯನ್ನು ಉದ್ಘಾಟಿಸಿದೆ.
ಧ್ಯೇಯ: ಪುಟ್ಟಮಾದು ದಪ್ಪಗಾಗತಕ್ಕದ್ದು. ಟ್ಯಾಂಕಿನ ಬಾಯಿ ಅವನನ್ನು ತಿರಸ್ಕರಿಸತಕ್ಕದ್ದು.
ಸರ್ವಾನುಮತದಿಂದ ಪಾಸಾಯಿತು...

ನೆನಪಿದೆಯಾ ಮಾದು?

ಅಕ್ಕಿಗೆ ರೇಷನ್ ಕ್ಯೂ ನಿಲ್ಲುತ್ತಿದ್ದ ಕಾಲ. ಆದರೂ ಹನ್ನೊಂದು ಬುತ್ತಿಗಳಿಂದ ಹನ್ನೊಂದು ತುತ್ತು ನಿನಗೆ ಬರುತ್ತಿತ್ತು.
ತಲಘಟ್ಟಪುರದ ನಮ್ಮ ಮನೆಯ ಎಮ್ಮೆ ತುಪ್ಪ ನಿನ್ನ ಮುದ್ದೆಯ ಮೇಲೆ. ಕಡಲೆಕಾಯಿ, ಬೆಲ್ಲ, ಬಾಳೆಹಣ್ಣು...
"ಸಾಕ್ ಕಣ್ರೋ, ಗಣೇಶನ್ನ ಮಾಡ್ತಿದೀರಾ" ಅನ್ನುತ್ತಿದ್ದೆ ನೀನು, ಬಾಯಿ ತುಂಬಿಕೊಂಡು.
ಶನಿವಾರ ಶನಿವಾರ ನಾನು ಸ್ಟೀಲ್ ಟೇಪಿನಲ್ಲಿ ನಿನ್ನ ಸೊಂಟ ಅಳೆದು, ಬಜೆಟ್ ಮಂಡಿಸುವವನ ಹಾಗೆ ಓದಿ ಹೇಳುತ್ತಿದ್ದೆ.

ನಾಲ್ಕು ತಿಂಗಳಾಯಿತು.
ಒಂದು ಸೋಮವಾರ ನೀನು ತಲೆ ಹಾಕಿದೆ, ಭುಜ ಹಾಕಿದೆ... ಸೊಂಟದಲ್ಲಿ ಸಿಕ್ಕಿಕೊಂಡೆ.
ಒಳಕ್ಕೂ ಇಲ್ಲ, ಹೊರಕ್ಕೂ ಇಲ್ಲ.
ಹೊರಗೆ ಉಳಿದಿದ್ದ ನಿನ್ನ ಎರಡು ಕಾಲಿಗೆ ಸಮಿತಿಯ ಪರವಾಗಿ ನಾನು ಹಾರ ಹಾಕಿ ಭಾಷಣ ಮಾಡಿದೆ. ಟ್ಯಾಂಕಿನೊಳಗೆ ನಿನ್ನ ನಗು ಗುಡುಗಿತು.

ಎಣ್ಣೆ ಸವರಿ ನಿನ್ನನ್ನು ಎಳೆದು ತೆಗೆದದ್ದಾಯಿತು.
ಫೋರ್‌ಮನ್ ಬಂದು ನೋಡಿದರು. ಒಂದು ಸೀಮೆಸುಣ್ಣ ತೆಗೆದುಕೊಂಡು ಬಾಯಿಯ ಸುತ್ತ ಇನ್ನೊಂದು ಗೆರೆ ಎಳೆದರು.
"ಮೂರಿಂಚು ಜಾಸ್ತಿ ಕಟ್ ಮಾಡಿ."

ಅಷ್ಟೇ.
ನಾಲ್ಕು ತಿಂಗಳ ತುಪ್ಪ, ಮೂರಿಂಚಿಗೆ ಮುಗಿಯಿತು.

ನಾನು ಬುದ್ಧಿವಂತನಲ್ಲವೇ... ಎದೆಯುಬ್ಬಿಸಿ ವಾದಕ್ಕೆ ನಿಂತೆ.
"ಸಾರ್, ಬಾಯಿ ದೊಡ್ಡದಾದ್ರೆ ಈಗ ಯಾರ್ ಬೇಕಾದ್ರೂ ಹಿಡೀತಾರೆ. ಇವನೇ ಯಾಕೆ ಹೋಗ್ಬೇಕು?"
ಫೋರ್‌ಮನ್ ಸೀಮೆಸುಣ್ಣ ಜೇಬಿಗೆ ಹಾಕಿಕೊಂಡರು.
"ಹೌದಲ್ವಾ" ಅಂದರು. "ಸರಿ, ಇವತ್ತಿಂದ ನೀನ್ ಹೋಗು."

ಮಾದು... ಎಲ್ಲದಕ್ಕೂ ಜವಾಬಿದ್ದ ನನಗೆ ಆಗ ಹೊಳೆದದ್ದು ಒಂದೇ.
"ನನಗೆ ಮಂಡಿ ನೋವು ಸಾರ್."
ನನಗೆ ಮಂಡಿ ನೋವಿರಲಿಲ್ಲ. ಹಿಂದಿನ ದಿನವಷ್ಟೇ ತಲಘಟ್ಟಪುರದಲ್ಲಿ ಕಬಡ್ಡಿ ಆಡಿದ್ದೆ. ನೀನೂ ನೋಡಿದ್ದೆ.

ಫೋರ್‌ಮನ್ ಉಳಿದವರ ಕಡೆ ತಿರುಗಿದರು.
ನಿನಗೆ ತುತ್ತು ಕೊಟ್ಟ ಕೈಗಳೆಲ್ಲ ಏನೋ ಕೆಲಸ ಹುಡುಕಿಕೊಂಡವು. ಒಬ್ಬ ಚಪ್ಪಲಿ ಸರಿಮಾಡಿಕೊಂಡ. ಒಬ್ಬ ನೀರು ಕುಡಿಯಲು ಹೋದ.
ನೀನು ಯಾರ ಮುಖವನ್ನೂ ನೋಡಲಿಲ್ಲ. ಅಂಗಿ ಬಿಚ್ಚಿ ಮೊಳೆಗೆ ಹಾಕಿ ಒಳಗಿಳಿದೆ.
ಈಗ ಆ ಬಾಯಲ್ಲಿ ನೀನು ಸಲೀಸಾಗಿ ಹಿಡಿಯುತ್ತಿದ್ದೆ...

ಒಳಗಿನಿಂದ ನಿನ್ನ ದನಿ ಬಂತು. ದಿನಾ ಕೇಳುವ ಪ್ರಶ್ನೆಯೇ.
"ಮೇಲಿಂದ ಶುರು ಮಾಡ್ತೀಯಾ, ಕೆಳಗಿಂದಾನಾ?"
"ಮೇಲಿಂದ" ಅಂದೆ.
"ಜೋರಾಗ್ ಹೇಳು, ಕೇಳಿಸ್ಲಿಲ್ಲ."
"ಮೇಲಿಂದ."

ಮೊದಲ ಏಟು ಮೆಲ್ಲಗೆ ಹಾಕಿದೆ. ರಿವೆಟ್ ಕೂರಲಿಲ್ಲ.
ಫೋರ್‌ಮನ್ ನನ್ನನ್ನೇ ನೋಡುತ್ತಿದ್ದರು.
ಎರಡನೆಯದನ್ನು ಸರಿಯಾಗಿ ಹಾಕಿದೆ... ಆಮೇಲೆ ಸಂಜೆಯವರೆಗೂ ಸರಿಯಾಗಿಯೇ ಹಾಕಿದೆ.

ಮುಂದಿನ ವರ್ಷ ನಾಟಕಕ್ಕೆ ಬೇರೆ ಯಾರೋ ಹಾರ್ಮೋನಿಯಂಗೆ ಕೂತಿದ್ದರು.
ನನ್ನ ಮಂಡಿಯ ವಿಷಯ ನೀನು ಒಂದು ದಿನವೂ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಇಷ್ಟು ವರ್ಷ ತಮಾಷೆ ಮಾಡಿಕೊಂಡೇ ದಾಟಿಸಿಬಿಟ್ಟೆ.

ಇಟ್ಟಮಡುವಿನ ಅವನ ಮನೆಯಲ್ಲಿ ಮಧ್ಯಾಹ್ನ ಮೂರರವರೆಗೆ ದರ್ಶನಕ್ಕೆ ಇಟ್ಟಿರುತ್ತಾರೆ. ಹಳಬರು ಯಾರಾದರೂ ಇದ್ದರೆ ಬನ್ನಿ.

ಹೋಗಿ ಬಾ ಮಾದು...
ಹೊರಗಿನಿಂದ ಯಾರೂ ಬಡಿಯದ ಜಾಗ ನಿನಗೆ ಸಿಗಲಿ. ನಿನ್ನ ಜೀವ ತಣ್ಣಗಿರಲಿ.