ಕೈ ತೊಳೆಯುವಷ್ಟು ಹೊತ್ತು

ನಿವೃತ್ತಿಗೆ ಎರಡು ವರ್ಷ ಉಳಿದಿದ್ದಾಗ ನಾನು ಹಲಸೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಮಧ್ಯಾಹ್ನದ ಪಾಳಿಯ ಇನ್‌ಚಾರ್ಜ್ ನರ್ಸ್ ಆಗಿದ್ದೆ. ಪಾಳಿ ಬದಲಾಗುವಾಗ ಹೋಗುವವಳೂ ಬರುವವಳೂ ಹಾಸಿಗೆಯಿಂದ ಹಾಸಿಗೆಗೆ ನಡೆದು, ಯಾರಿಗೆ ಯಾವ ಔಷಧಿ ಬಾಕಿ ಎಂದು ನೋಡಿ, ರಿಜಿಸ್ಟರಿಗೆ ಸಹಿ ಹಾಕಬೇಕು. ಅದೇ ಹ್ಯಾಂಡೋವರ್. ಬೆಳಗಿನ ಪಾಳಿಯ ಸ್ಟೆಲ್ಲಾಳ ಜೊತೆ ಮಾತ್ರ ನಾನು ನಡೆಯುತ್ತಿರಲಿಲ್ಲ. ಅವಳಿಗೆ ಕೆ.ಆರ್. ಪುರದ ಬಸ್ಸು ತಪ್ಪಬಾರದೆಂದು ಹನ್ನೊಂದು ವರ್ಷ ಕಣ್ಣುಮುಚ್ಚಿ ಸಹಿ ಹಾಕಿದೆ. ತಂಗಿ ಎಂದುಕೊಂಡಿದ್ದೆ.

ಒಂದು ದಿನ ಅವಳು ವೃದ್ಧರೊಬ್ಬರಿಗೆ ಊಟದ ಮುಂಚಿನ ಇನ್ಸುಲಿನ್ ಕೊಡಲು ಮರೆತು ಹೊರಟಳು. ಚಾರ್ಟನ್ನು ನಾನೂ ನೋಡಲಿಲ್ಲ. ಸಂಜೆಗೆ ಸಕ್ಕರೆ ವಿಪರೀತ ಏರಿ ಅವರನ್ನು ಐಸಿಯುಗೆ ಸಾಗಿಸಬೇಕಾಯಿತು. ಪುಣ್ಯಕ್ಕೆ ಉಳಿದುಕೊಂಡರು.

ವಿಚಾರಣೆಯಲ್ಲಿ ಸ್ಟೆಲ್ಲಾ ನನ್ನ ಮುಖ ನೋಡದೆ ಹೇಳಿದಳು: "ಡೋಸ್ ಬಾಕಿ ಇದೆ ಅಂತ ಅಕ್ಕಂಗೆ ಹೇಳೇ ಹೋದೆ ಸರ್. ಸೈನ್ ಮಾಡಿದಾರಲ್ಲ, ನೋಡಿ."

ಹಸಿ ಸುಳ್ಳು. ಆದರೆ ಸಹಿ ನನ್ನದೇ. ಇನ್‌ಚಾರ್ಜ್ ಹುದ್ದೆ ಹೋಯಿತು, ಹೊರರೋಗಿಗಳ ಇಂಜೆಕ್ಷನ್ ರೂಮಿಗೆ ಹಾಕಿದರು.

ನಮ್ಮದು ಬೌದ್ಧ ಮನೆ. ಭಾನುವಾರ ವಿಹಾರದಲ್ಲಿ ಧ್ಯಾನಕ್ಕೆ ಕೂತರೆ ಉಸಿರಿನ ಬದಲು ಅವಳ ಮಾತೇ ಕೇಳುತ್ತಿತ್ತು. ಕೋಪ ಹೋಗುತ್ತಿಲ್ಲವೆಂದು ಹಿರಿಯ ಭಿಕ್ಷುಗಳ ಹತ್ತಿರ ತೋಡಿಕೊಂಡೆ.

"ಓಡಿಸೋಕೆ ಯಾಕೆ ಹೋಗ್ತೀರಮ್ಮ? ಬಂದಾಗ, ಬಂತು ಅಂತ ತಿಳ್ಕೊಳ್ಳಿ. ಕೈ ತೊಳೀತೀರಲ್ಲ, ಅಷ್ಟು ಹೊತ್ತು ಸಾಕು."

ಇವರಿಗೇನು ಗೊತ್ತು ಎಂದು ಅವರ ಮೇಲೂ ಸಿಟ್ಟು ಬಂತು. ಆದರೂ ಪ್ರತಿ ಇಂಜೆಕ್ಷನ್ನಿಗೆ ಮುಂಚೆ ನಲ್ಲಿಗೆ ಕೈಯೊಡ್ಡಿದಾಗ, ಕೋಪ ಬಂದಿದೆ ಎಂದುಕೊಳ್ಳತೊಡಗಿದೆ.

ಮೂರು ತಿಂಗಳ ಮೇಲೆ ಸ್ಟೆಲ್ಲಾಳಿಗೆ ನಾಯಿ ಕಚ್ಚಿತು. ರೇಬಿಸ್ ಲಸಿಕೆ ಐದು ಡೋಸ್, ಐದೂ ನನ್ನ ಕೈಯಿಂದಲೇ. ಮೊದಲ ದಿನ ಎರಡು ಸಲ ಕೈ ತೊಳೆದೆ. ಆಮೇಲೆ ಸೂಜಿ ಹಿಡಿದೆ.

ಕೊನೆಯ ಡೋಸಿನ ದಿನ, ಐದೂ ಡೋಸ್ ತೆಗೆದುಕೊಂಡದ್ದಕ್ಕೆ ಸಹಿಗೆಂದು ರಿಜಿಸ್ಟರನ್ನು ಅವಳ ಮುಂದಿಟ್ಟೆ. ಓದದೆ ಪೆನ್ನು ಎತ್ತಿದಳು.

"ಓದು," ಎಂದೆ.

"ನೀವು ಬರ್ದಿದೀರಲ್ಲ ಅಕ್ಕ, ಓದೋದೇನು?"

ಎದೆ ಉರಿಯಿತು. ಕೋಪ ಬಂದಿದೆ, ಎಂದುಕೊಂಡೆ. ಪುಸ್ತಕವನ್ನು ಅವಳ ಕಡೆ ಇನ್ನಷ್ಟು ಸರಿಸಿದೆ.

"ನಾನೂ ಹಾಗೇ ಅಂದ್ಕೊಂಡಿದ್ದೆ ಸ್ಟೆಲ್ಲಾ. ಓದಿ ಹಾಕು."

ಲಸಿಕೆಯ ಹೆಸರು, ತಾರೀಖುಗಳು, ಎರಡೇ ಸಾಲು. ಓದಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ಸಹಿ ಹಾಕಿ, ಕಣ್ಣೊರೆಸಿಕೊಂಡು ಹೋದಳು.

ಅವಳನ್ನು ನಾನು ಕ್ಷಮಿಸಿದ್ದೇನೆಂದು ಹೇಳಲಾರೆ. ಸುಳ್ಳು ಅವಳದು, ನೋಡದೆ ಹಾಕಿದ ಸಹಿ ನನ್ನದು. ಎರಡರ ನಡುವೆ ಸಿಕ್ಕಿಕೊಂಡವರು ಆ ವೃದ್ಧರು. ತೀರ ಹತ್ತಿರದವರ ಜೊತೆಗೂ ಹಾಸಿಗೆಯಿಂದ ಹಾಸಿಗೆಗೆ ನಡೆಯಲೇಬೇಕೆಂದು ನೌಕರಿ ಕಲಿಸಿತು. ಕೋಪ ಈಗಲೂ ಬರುತ್ತದೆ. ಬಂದಿದೆ ಎಂದುಕೊಂಡು ನಲ್ಲಿ ತಿರುಗಿಸುತ್ತೇನೆ.